ಕೆಲಸವಿಲ್ಲದವನೆಲ್ಲ ಸೋಮಾರಿಯೆ?

ಡಿಗ್ರಿ ಮುಗಿಸಿ ಬರಿಗೈಯಲ್ಲಿ ಕೂತ ಹುಡುಗನಿಗೆ ಸಿಗುವಷ್ಟು ಪುಕ್ಕಟೆ ಉಪದೇಶ ಇನ್ನಾರಿಗೂ ಸಿಗುವುದಿಲ್ಲ. 'ನಿನಗೆ ಯೋಗ್ಯತೆ ಇಲ್ಲ, ಮೈ ಬಗ್ಗಿಸುವುದಿಲ್ಲ' ಎಂದು ಮನೆಯವರಿಂದ ಹಿಡಿದು ಮಂತ್ರಿಗಳವರೆಗೆ ಎಲ್ಲರೂ ಹೇಳುವವರೇ. ಈ ಮಾತು ಎಷ್ಟು ಪೊಳ್ಳೆಂದು ತಿಳಿಯಬೇಕಾದರೆ, ಗೆಳೆಯರೇ, ಯೂರೋಪಿನ ಕತೆ ಕೇಳಿ.

2007ರಲ್ಲಿ ಸ್ಪೇನಿನ ನಿರುದ್ಯೋಗ ಶೇಕಡಾ 8ರ ಆಸುಪಾಸಿನಲ್ಲಿತ್ತು. 2013ರಲ್ಲಿ 26! ಅದೇ ವರ್ಷ ಗ್ರೀಸಿನಲ್ಲಿ 27. ಎರಡೂ ದೇಶಗಳಲ್ಲಿ ದುಡಿಯಲು ಹೊರಟ 25ರೊಳಗಿನವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಕಾಲೇಜಿನಲ್ಲಿ ಓದುತ್ತಾ ಕೆಲಸ ಹುಡುಕದವರನ್ನು ಬಿಟ್ಟು ಹಾಕಿದ ಲೆಕ್ಕ ಇದು. ಆರು ವರ್ಷದಲ್ಲಿ ಒಂದಿಡೀ ಪೀಳಿಗೆ ಸೋಮಾರಿಯಾಗಿಬಿಟ್ಟಿತೆ? ಆಗ ಶೇಕಡಾ 5ರಲ್ಲಿದ್ದ ಜರ್ಮನಿಯೇ 2005ರಲ್ಲಿ 10 ದಾಟಿತ್ತು. ಜರ್ಮನ್ನರೂ ಆಗ ಸೋಮಾರಿಗಳಾಗಿದ್ದರೆ?

ಅಸಲು ವಿಷಯ ಬಡ್ಡಿಯದು. ಯೂರೋ ಒಪ್ಪಿಕೊಂಡ ದೇಶಗಳಿಗೆಲ್ಲ ಬಡ್ಡಿದರ ನಿಗದಿಯಾಗುವುದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿರುವ ಒಂದೇ ಬ್ಯಾಂಕಿನಲ್ಲಿ. 2003ರಿಂದ 2005ರವರೆಗೆ ಜರ್ಮನಿ ಮಂಕಾಗಿದ್ದಾಗ ದರ ಶೇಕಡಾ 2ರಲ್ಲಿತ್ತು. ಆ ಅಗ್ಗದ ಸಾಲ ಸ್ಪೇನಿಗೆ ಹರಿದು ಎಲ್ಲೆಂದರಲ್ಲಿ ಮನೆಗಳೆದ್ದವು. ದುಡಿಯುವ ಎಂಟು ಮಂದಿಯಲ್ಲಿ ಒಬ್ಬ ಕಟ್ಟಡ ಕೆಲಸಕ್ಕಿಳಿದ. 2008ರಲ್ಲಿ ಗುಳ್ಳೆ ಒಡೆಯಿತು. ಸ್ಪೇನಿನಲ್ಲಿ ಐವರಲ್ಲೊಬ್ಬ ಬೀದಿಪಾಲಾಗಿದ್ದ 2011ರಲ್ಲಿ, ಹಣದುಬ್ಬರದ ನೆಪ ಹೇಳಿ ಅದೇ ಬ್ಯಾಂಕು ಬಡ್ಡಿಯನ್ನು ಎರಡು ಸಲ ಏರಿಸಿತು! ಸ್ವಂತ ನಾಣ್ಯವಿದ್ದ ಪುಟ್ಟ ಐಸ್‌ಲ್ಯಾಂಡಿನಲ್ಲೂ ಬ್ಯಾಂಕುಗಳು ಮುಳುಗಿದವು. ಆದರೆ ಅಲ್ಲಿನ ಕ್ರೋನಾ ಬೆಲೆ ಕುಸಿದು ಮೀನು ರಫ್ತಿಗೆ, ಪ್ರವಾಸೋದ್ಯಮಕ್ಕೆ ಅನುಕೂಲವಾಯಿತು; ನಿರುದ್ಯೋಗ ಎರಡಂಕಿ ಮುಟ್ಟದೆ ಇಳಿಯಿತು. ನಾಣ್ಯ ಕುಸಿದರೆ ಜನರ ಸಂಬಳದ ಬೆಲೆಯೂ ಕುಸಿಯುತ್ತದೆ, ಅದು ಸುಖದ ದಾರಿಯೇನಲ್ಲ. ಸ್ಪೇನಿಗೆ ಆ ದಾರಿಯೂ ಇರಲಿಲ್ಲ.

ಗ್ರೀಸಿನ ಸರ್ಕಾರ ಕೊರತೆಯ ಲೆಕ್ಕ ಮುಚ್ಚಿಟ್ಟದ್ದು ನಿಜ. ಆದರೆ ಸ್ಪೇನ್? 2007ರಲ್ಲಿ ಅದರ ಬಜೆಟ್ ಮಿಗತೆಯಲ್ಲಿತ್ತು. ಆದರೂ ಪೋರ್ಚುಗಲ್, ಇಟಲಿ, ಗ್ರೀಸ್, ಸ್ಪೇನ್‌ಗಳ ಮೊದಲಕ್ಷರ ಕೂಡಿಸಿ 'ಪಿಗ್ಸ್', ಅಂದರೆ ಹಂದಿಗಳು, ಎಂದು ಹಣಕಾಸು ಪಂಡಿತರು ಕರೆದರು. ಗ್ರೀಕ್ ಕೆಲಸಗಾರ ವರ್ಷಕ್ಕೆ ಸರಾಸರಿ ಜರ್ಮನ್ನನಿಗಿಂತ ಹೆಚ್ಚು ಗಂಟೆ ದುಡಿಯುತ್ತಾನೆಂಬುದು ಈ ಪಂಡಿತರಿಗೆ ಗೊತ್ತಿರಲಿಲ್ಲವೆ?

ಮದ್ದು ರೋಗಕ್ಕಿಂತ ಘೋರವಾಗಿತ್ತು. ಸಾಲ ಕೊಟ್ಟವರ ಷರತ್ತಿನಂತೆ 2012ರಲ್ಲಿ ಗ್ರೀಸಿನ ಕನಿಷ್ಠ ವೇತನ ಶೇಕಡಾ 22ರಷ್ಟು ಕಡಿತವಾಯಿತು; 25ರೊಳಗಿನವರಿಗೆ 32! ವೇತನ ಇಳಿದರೆ ಉದ್ಯೋಗ ಹೆಚ್ಚುತ್ತದೆಂಬುದು ಲೆಕ್ಕಾಚಾರ. ಕೊಳ್ಳುವವನ ಜೇಬೇ ಖಾಲಿಯಾದಾಗ ಅಂಗಡಿಯವನು ಯಾರನ್ನು ಕೆಲಸಕ್ಕಿಟ್ಟುಕೊಂಡಾನು? ವೆಚ್ಚ ಕಡಿತದ ಪೆಟ್ಟನ್ನು ಕಡಿಮೆ ಅಂದಾಜು ಮಾಡಿದ್ದೆವೆಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅರ್ಥಶಾಸ್ತ್ರಜ್ಞರೇ 2013ರಲ್ಲಿ ಬರೆದರು. ಅಷ್ಟರಲ್ಲಿ ಗ್ರೀಸ್ ತನ್ನ ಉತ್ಪನ್ನದ ಕಾಲು ಭಾಗ ಕಳೆದುಕೊಂಡಿತ್ತು. ಅಲ್ಲಿ ಓದಿದ ವೈದ್ಯರು ಜರ್ಮನಿಯ ಆಸ್ಪತ್ರೆಗಳಿಗೆ ಹೋದರು. ಓದಿಸಿದ ಖರ್ಚು ಮಾತ್ರ ಗ್ರೀಸಿನದು. 2023ರಲ್ಲೂ ಗ್ರೀಸ್, ಸ್ಪೇನ್‌ಗಳ ನಿರುದ್ಯೋಗ ಶೇಕಡಾ 11–12ರ ಆಸುಪಾಸಿನಲ್ಲಿತ್ತು. ಜರ್ಮನಿಯದು ಸುಮಾರು 3.