ಎರೆನೆಲದ ಮನೆಗೆ ಒಂದು ದಿನದ ತಪಾಸಣೆ ಸಾಕೇ?

ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಾಗಲಿ, ಸಿಂಧನೂರು, ಲಿಂಗಸುಗೂರಿನ ಬಡಾವಣೆಗಳಲ್ಲಾಗಲಿ ಕಟ್ಟಿದ ಮನೆ ಕೊಳ್ಳುವವರು ಕಾಗದಪತ್ರದ ವಿಷಯದಲ್ಲಿ ಎಚ್ಚರ ತಪ್ಪುವುದಿಲ್ಲ. ಋಣಭಾರ ಪ್ರಮಾಣಪತ್ರ ತೆಗೆಸುತ್ತಾರೆ, ಪಂಚಾಯಿತಿ ವ್ಯಾಪ್ತಿಯಾದರೆ ಇ–ಸ್ವತ್ತಿನ ನಮೂನೆ 9, 11 ಕೇಳುತ್ತಾರೆ. ಗೋಡೆ, ತಾರಸಿ, ಬುನಾದಿಯ ಮಾತು ಬಂದಾಗ ಮಾತ್ರ ಪರಿಚಯದ ಮೇಸ್ತ್ರಿಯ ಭರವಸೆಯೋ ಬ್ಯಾಂಕಿನ ಮೌಲ್ಯಮಾಪನ ವರದಿಯೋ ಸಾಕೆನಿಸುತ್ತದೆ.

ಬ್ಯಾಂಕಿನ ವರದಿ ಸುಳ್ಳಲ್ಲ, ಅದರ ಉದ್ದೇಶ ಬೇರೆ. ಸಾಲ ತೀರದಿದ್ದರೆ ಆಸ್ತಿ ಮಾರಿ ಎಷ್ಟು ವಸೂಲಾದೀತು ಎಂಬುದು ಬ್ಯಾಂಕಿನ ಲೆಕ್ಕ. ಹತ್ತು ಮಳೆಗಾಲ ಕಳೆದ ಮೇಲೆ ಗೋಡೆ ಹೇಗಿದ್ದೀತು ಎಂಬುದು ಕೊಳ್ಳುವವರ ಚಿಂತೆ.

ಇಲ್ಲಿನ ಎರೆಮಣ್ಣು ಆ ಚಿಂತೆಯನ್ನು ದೊಡ್ಡದು ಮಾಡುತ್ತದೆ. ನೀರು ಕುಡಿದಾಗ ಉಬ್ಬುವ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಗಟ್ಟಿ ನೆಲ ಮುಟ್ಟಿರದಿದ್ದರೆ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಇದರ ಸಾಮಾನ್ಯ ಗುರುತು. ಏಪ್ರಿಲ್‌ನಲ್ಲಿ ನಾಣ್ಯ ತೂರುವಷ್ಟು ಅಗಲವಿದ್ದ ಸೀಳು ಮಳೆಗಾಲದ ಕೊನೆಗೆ ಕೂದಲೆಳೆಯಷ್ಟಾಗಬಹುದು. ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಕಣ್ಣಿಗೇ ಬೀಳದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಿರುವ ಸಿಂಧನೂರು ಭಾಗದಲ್ಲಿ ಭತ್ತದ ಗದ್ದೆಗೆ ತಾಗಿದ ನಿವೇಶನದ ತೇವ ಮಳೆಯನ್ನಷ್ಟೇ ಅವಲಂಬಿಸಿಲ್ಲ. ಪಾಮನಕಲ್ಲೂರು ಭಾಗದ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ದೀರ್ಘ ಹೋರಾಟ ನಡೆಸಿದವರು. ಹೊಲಕ್ಕೆ ನೀರು ಬರಲೇಬೇಕು. ಬಂದಾಗ ಒಣನೆಲವೆಂದು ಹಾಕಿದ ಪಾಯಗಳ ಕೆಳಗಿನ ಸ್ಥಿತಿಯೂ ಬದಲಾಗಬಹುದು.

ಹಾಗಾದರೆ ಎಂಜಿನಿಯರ್ ಕೊಟ್ಟ ತಪಾಸಣಾ ವರದಿಯನ್ನು ಎಷ್ಟು ನಂಬಬೇಕು? ‘ಪೂರ್ವದ ಗೋಡೆಯಲ್ಲಿ 3 ಮಿ.ಮೀ. ಬಿರುಕು, ಸ್ಲ್ಯಾಬ್‌ನ ಕಬ್ಬಿಣಕ್ಕೆ ತುಕ್ಕು’ ಎಂದು ಅಳತೆ, ಜಾಗ, ಫೋಟೊ ಸಮೇತ ಬರೆದದ್ದನ್ನು ನಂಬಬಹುದು, ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಲೂಬಹುದು. ‘ಕಟ್ಟಡ ಸುಭದ್ರವಾಗಿದೆ’ ಎಂಬ ಒಂದೇ ಸಾಲಿಗೆ ಆ ಬೆಲೆಯಿಲ್ಲ. ಯಂತ್ರದ ಅಂಕಿಗೂ ಮಿತಿಯಿದೆ: ಕಾಂಕ್ರೀಟಿನ ಮೇಲ್ಮೈಗೆ ಬಡಿದು ನೋಡುವ ರಿಬೌಂಡ್ ಹ್ಯಾಮರ್ ಹೇಳುವ ಬಲ ಶೇ 25ರಷ್ಟು ಆಚೀಚೆ ಇರಬಹುದೆಂದು ಭಾರತೀಯ ಮಾನಕವೇ ಹೇಳಿದೆ. ಬುನಾದಿಯ ಆಳವನ್ನಂತೂ ಪಕ್ಕದಲ್ಲಿ ಗುಂಡಿ ತೋಡದೆ ಖಚಿತವಾಗಿ ಹೇಳುವುದು ಕಷ್ಟ.

ದೋಷ ಕಂಡಿದೆ ಎಂಬ ಮಾತಿಗೆ ಮಾತ್ರ ಕೂಡಲೇ ಕಿವಿಗೊಡಬೇಕು. 2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಲಕ್ಕಸಂದ್ರದಲ್ಲಿ ಹಳೆಯ ಕಟ್ಟಡವೊಂದು ಕುಸಿದಾಗ ಜೀವಹಾನಿಯಾಗಲಿಲ್ಲ. ಅಪಾಯದ ಸುಳಿವು ಸಿಕ್ಕಿ ಒಳಗಿದ್ದವರು ಮೊದಲೇ ಹೊರಬಂದಿದ್ದರು.

ಕಾನೂನಿನ ಆಸರೆ ಒಂದಿಷ್ಟಿದೆ. ರೇರಾ ಕಾಯ್ದೆಯಡಿ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಣಿಸಿಕೊಂಡ ರಚನಾ ದೋಷವನ್ನು ಬಿಲ್ಡರ್ ಉಚಿತವಾಗಿ ಸರಿಪಡಿಸಬೇಕು. ಆದರೆ ಒಬ್ಬ ಮನೆಮಾಲೀಕ ತಾನು ವಾಸವಿದ್ದ ಮನೆ ಮಾರಿದರೆ ಆ ಹೊಣೆ ಅವನಿಗಿಲ್ಲ. ಅಲ್ಲಿ ನೆರವಿಗೆ ಬರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ: ಒಪ್ಪಂದದಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಕೊಳ್ಳುವವರು ಸಾಧಾರಣ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ, ತಮಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು.

ಆದ್ದರಿಂದ ಮುಂಗಡ ಕೊಡುವ ಮುನ್ನವೇ ಕರಾರಿನಲ್ಲಿ ಎರಡು ಷರತ್ತು ಬರೆಸಿಕೊಳ್ಳಬೇಕು: ಮಾರುವವರು ಹಳೆಯ ಬಿರುಕು, ಸೋರಿಕೆ, ದುರಸ್ತಿಗಳನ್ನು ಲಿಖಿತವಾಗಿ ತಿಳಿಸಬೇಕು; ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಮುಂಗಡ ಹಿಂದಿರುಗಿಸಬೇಕು. ತಪಾಸಣೆ ಮಾಡುವ ಎಂಜಿನಿಯರ್ ಮಾರುವವರಿಗೂ ದಲ್ಲಾಳಿಗೂ ಸಂಬಂಧಪಡದವರಾಗಿರಲಿ, ಶುಲ್ಕವನ್ನು ಕೊಳ್ಳುವವರೇ ಕೊಡಲಿ. ಸಾಧ್ಯವಾದರೆ ಬೇಸಿಗೆಯಲ್ಲೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ಅದೇ ಬಿರುಕನ್ನು ಅಳೆಸಬೇಕು.