ಮರಳಿ ಬಂದ ತಂದೆ

ಅಗಲಿದ್ದ ತಂದೆಯನ್ನು ಬೆಳೆದ ಮಕ್ಕಳು ಇದಿರುಗೊಳ್ಳುವ ಪ್ರಸಂಗಗಳು ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಎರಡಿವೆ: ಕುಶಲವರು ರಾಮನ ಸೈನ್ಯದೊಡನೆ ಕಾದುವುದೊಂದು, ಕಾಲಿಗೆರಗಲು ಬಂದ ಬಭ್ರುವಾಹನನು ಅರ್ಜುನನಿಂದ ತಿರಸ್ಕೃತನಾಗಿ ಆತನ ಮೇಲೆಯೇ ಶಸ್ತ್ರವೆತ್ತುವುದಿನ್ನೊಂದು. ಎರಡರಲ್ಲಿಯೂ ಸಂಧಿಗೆ ಮುನ್ನ ಸಂಗ್ರಾಮವುಂಟು. ಆದರೆ ಕುಶಲವರು ಅವಳಿಗಳು. ತಂದೆಯ ನೆನಪು ಇಬ್ಬರಿಗೂ ಸಮನಾಗಿ ಶೂನ್ಯ. ನಮ್ಮ ಮನೆಗಳಲ್ಲಿ ಹಾಗಲ್ಲ. ಹೆಂಡತಿಮಕ್ಕಳನ್ನು ತೊರೆದು ಹೋದವನು ಮುಪ್ಪಿನಲ್ಲಿ, ವ್ಯಾಧಿಗ್ರಸ್ತನಾಗಿ ಬಾಗಿಲಿಗೆ ಬಂದು ನಿಂತಾಗ, ತಾಯಿಯು ಒಡವೆಯನ್ನು ಅಡವಿಟ್ಟು ಅಕ್ಕಿ ತಂದುದನ್ನು ಕಣ್ಣಾರೆ ಕಂಡ ಹಿರಿಯ ಮಗಳಿಗೆ ಆತನು ಅಪರಾಧಿ. ಮುಖದ ಗುರುತೂ ಇಲ್ಲದ ಕಿರಿಯ ಮಗನಿಗಾದರೋ ಎಂದೂ ದೊರೆಯದಿದ್ದ ಅಪ್ಪ. "ಎಷ್ಟಾದರೂ ಹುಟ್ಟಿಸಿದವರಲ್ಲವೇ, ಅಕ್ಕ" ಎಂದು ಇವನು. "ನಿನಗೇನು ಗೊತ್ತು, ನೀನಾಗ ತೊಟ್ಟಿಲಲ್ಲಿದ್ದೆ" ಎಂದು ಅವಳು. ಹೀಗೆ ತಂದೆಯೊಡನೆ ಆಗಬೇಕಾದ ಕಲಹವು ಒಡಹುಟ್ಟಿದವರ ನಡುವೆ ಹೊತ್ತಿಕೊಳ್ಳುತ್ತದೆ.

ಶಾಸನವು ಈ ನೆನಪುಗಳ ಗೊಡವೆಗೆ ಹೋಗುವುದಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು, ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳ ಹೊಣೆಯನ್ನು ಮಗನಂತೆಯೇ ಮಗಳಿಗೂ ವಿಧಿಸಿತು. 2007ರ ಹಿರಿಯ ನಾಗರಿಕರ ಅಧಿನಿಯಮವು ಅದಕ್ಕೆಂದೇ ನ್ಯಾಯಮಂಡಳಿಯನ್ನು ಕಲ್ಪಿಸಿತು. ತಂದೆಯು ಹಿಂದೆ ಮಕ್ಕಳನ್ನು ಸಾಕಿದ್ದಿರಬೇಕೆಂಬ ನಿಬಂಧನೆ ಅದರಲ್ಲಿಲ್ಲ. ಸಿಂಗಪುರದ 1995ರ ಕಾನೂನಾದರೋ, ತಂದೆಯು ಮಕ್ಕಳನ್ನು ತ್ಯಜಿಸಿದ್ದನೆಂಬುದು ಸಿದ್ಧವಾದರೆ ಜೀವನಾಂಶವನ್ನು ತಗ್ಗಿಸಲು, ನಿರಾಕರಿಸಲು ಸಹ ಅವಕಾಶವಿತ್ತಿದೆ.

ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರದಲ್ಲಿ ಉದ್ಧರಿಸುವ ಸ್ಮೃತಿವಚನವೊಂದು ವೃದ್ಧ ಮಾತಾಪಿತೃಗಳನ್ನೂ ಸಾಧ್ವಿಯಾದ ಪತ್ನಿಯನ್ನೂ ಎಳೆಯ ಮಗುವನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಅವರನ್ನು ಹೇಗಾದರೂ ಪೋಷಿಸತಕ್ಕದ್ದೆನ್ನುತ್ತದೆ. ಅದರ ಉತ್ತರಾರ್ಧವನ್ನು ಮುರಿದವನೇ ಈಗ ಪೂರ್ವಾರ್ಧದ ಆಶ್ರಯವನ್ನು ಬೇಡುತ್ತಿರುವನು. ಕೊಟ್ಟರೆ ಮಕ್ಕಳು ತಮ್ಮ ಧರ್ಮವನ್ನು ನಡೆಸಿದಂತಾಯಿತೇ ಹೊರತು ಆತನ ಅಧರ್ಮವು ಅಳಿದಂತಾಗದು.

ಆದುದರಿಂದ ಪೋಷಣೆಯೂ ಕ್ಷಮೆಯೂ ಬೇರೆ ಬೇರೆ ಎಂಬುದನ್ನು ಮೊದಲು ಒಪ್ಪಬೇಕು. ಅನ್ನ, ಔಷಧ, ವಸತಿ ಇವು ಒಡಹುಟ್ಟಿದವರೆಲ್ಲರ ಸಮಾನ ಋಣ. ಕುಳಿತು ಲೆಕ್ಕ ಹಾಕಿ, ಅವರವರ ಶಕ್ತ್ಯನುಸಾರ ಹಂಚಿಕೊಳ್ಳತಕ್ಕದ್ದು. ಕ್ಷಮೆಯಾದರೋ ಒಬ್ಬೊಬ್ಬರ ಸ್ವಂತ ಸ್ವತ್ತು. ಅದನ್ನು ಪಾಲಿಗೆ ತರಲಾಗದು. ಕ್ಷಮಿಸಿದ ತಮ್ಮನು ಕ್ಷಮಿಸಲಾರದ ಅಕ್ಕನನ್ನು ಕಠಿಣಳೆನ್ನದಿರಲಿ. ಅಕ್ಕನೂ ತಮ್ಮನನ್ನು ತಾಯಿಗೆ ದ್ರೋಹ ಬಗೆದವನೆನ್ನದಿರಲಿ. ಒಮ್ಮೆ ಮನೆಯನ್ನು ಒಡೆದವನ ನಿಮಿತ್ತವಾಗಿ ಅದು ಎರಡನೆಯ ಸಲ ಒಡೆಯಬಾರದು.