ಎಲ್ಲ ಹುಣ್ಣೂ ಉಷ್ಣವಲ್ಲ

ಬಾಯಲ್ಲಿ ಹುಣ್ಣೆದ್ದರೂ ತುಟಿಯ ಮೇಲೆ ಗುಳ್ಳೆಯೆದ್ದರೂ ‘ಉಷ್ಣ’ವೆಂದು ತುಪ್ಪ ಸವರಿ ಸುಮ್ಮನಾಗುವುದು ಊರು ಬಿಟ್ಟು ಬಂದವರ ಮನೆಗಳಲ್ಲಿಯೂ ಉಳಿದ ರೂಢಿ. ಈ ಒಂದು ಮಾತಿನಲ್ಲಿ ಎರಡು ವ್ಯಾಧಿಗಳು ಬೆರೆತುಹೋಗುತ್ತವೆ.

ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಮೂಡುವ, ಕೆಂಪು ಅಂಚಿನ ಬಿಳಿಯ ಹುಣ್ಣು ಸಾಮಾನ್ಯವಾಗಿ ಅಂಟುವುದಿಲ್ಲ. 7ರಿಂದ 14 ದಿನಗಳಲ್ಲಿ ತಾನೇ ಮಾಯುತ್ತದೆ. ತುಟಿಯ ಹೊರ ಅಂಚಿನಲ್ಲಿ ಮೊದಲು ಚುರುಗುಟ್ಟಿ, ಬಳಿಕ ನೀರುಗುಳ್ಳೆಗಳು ಗುಂಪಾಗಿ ಎದ್ದರೆ ಅದು ಬಹುಮಟ್ಟಿಗೆ ಹರ್ಪಿಸ್, ಅಂಟುವಂಥದು. ಅನೇಕರಿಗೆ ಬಾಲ್ಯದಲ್ಲಿಯೇ ಬಂಧುಗಳ ಮುತ್ತಿನಿಂದ ತಗಲುವ ಈ ಸೋಂಕಿಗೆ ನಾಚಬೇಕಾದುದಿಲ್ಲ. ಆದರೆ ಗುಳ್ಳೆ ಪೂರ್ತಿ ಮಾಯುವ ಮುನ್ನ ನಾಮಕರಣದ ಶಿಶುವಿಗೆ ಮುತ್ತಿಡಬಾರದು. ನವಜಾತರಿಗೆ ಅದು ಪ್ರಾಣಾಂತಿಕವಾಗಬಲ್ಲದು.

ಎರಡು ವಾರ ಮೀರಿದ ಯಾವ ಹುಣ್ಣನ್ನೂ, ಅದರಲ್ಲಿಯೂ ಅಡಿಕೆ-ಹೊಗೆಸೊಪ್ಪಿನ ಅಭ್ಯಾಸವುಳ್ಳವರು, ವೈದ್ಯರಿಗೆ ತೋರಿಸಲೇಬೇಕು. ಸಂಕೋಚಕ್ಕಿಂತ ಕನ್ನಡಿಯ ಮುಂದಿನ ಒಂದು ನಿಮಿಷ ಲೇಸು.